ಯೋಬ್ ಕೋಹೆನ್ನರೂ ಡಚ್ಚರ ವಿವಾಹಶಾಸನವೂ

ಕ್ರಿಸ್ತಶಕ ೨೦೦೧ನೆಯ ಇಸವಿ ಏಪ್ರಿಲ್ ೧ನೆಯ ತಾರೀಖು ಪ್ರವೇಶಿಸಿದ ನಡುರಾತ್ರಿಯಲ್ಲಿ ಆಮ್‌ಸ್ಟರ್‌ಡಾಮ್ ನಗರದ ಪೌರಸಭಾಭವನದಲ್ಲಿ ನಾಲ್ಕು ವಿವಾಹಗಳು ಜರುಗಿದುವು. ವಧೂವರರೆಂಬ ದ್ವಂದ್ವಸಮಾಸವು ಅವುಗಳಲ್ಲಿ ಒಂದಕ್ಕೂ ಹೊಂದುವಂತಿರಲಿಲ್ಲ. ಮೂರರಲ್ಲಿ ಇಬ್ಬರೂ ವರರು. ಒಂದರಲ್ಲಿ ಇಬ್ಬರೂ ವಧುಗಳು. ಆಧುನಿಕ ರಾಷ್ಟ್ರವೊಂದರ ಶಾಸನವು ಇಂತಹ ಸಂಬಂಧವನ್ನು ಬೇರೆ ಹೆಸರಿನಿಂದ ಕರೆಯದೆ, ಪೂರ್ಣವಾದ ವಿವಾಹವೆಂದೇ ಅಂಗೀಕರಿಸಿದುದು ಅದೇ ಮೊದಲು. ಆ ರಾತ್ರಿ ವಿವಾಹಗಳನ್ನು ನಡೆಸಿಕೊಟ್ಟವರು ನಗರದ ಮೇಯರಾದ ಯೋಬ್ ಕೋಹೆನ್ನರು. ಆ ಶಾಸನದ ಮಸೂದೆಯನ್ನು ಪಾರ್ಲಿಮೆಂಟಿನ ಮುಂದೆ ತಂದು ವಾದಿಸಿದವರೂ ಅವರೇ ಆಗಿದ್ದರು. ವಿಧಿಯನ್ನು ಬರೆದವನೇ ಅದರ ಪ್ರಥಮ ಪ್ರಯೋಗಕ್ಕೆ ಪುರೋಹಿತನೂ ಆಗುವ ಯೋಗವು ರಾಜಕಾರಣಿಗಳಲ್ಲಿ ಎಷ್ಟು ಮಂದಿಗೆ ಒದಗೀತು?

ವಿವಾಹವೆಂದರೆ ಷೋಡಶ ಸಂಸ್ಕಾರಗಳಲ್ಲಿ ಒಂದೆಂದೂ, ಸಪ್ತಪದಿಯಿಲ್ಲದೆ ಅದು ಪೂರ್ಣವಾಗದೆಂದೂ ಮೂವತ್ತು ವರ್ಷಕಾಲ ಹುಡುಗರಿಗೆ ಪಾಠ ಹೇಳಿಕೊಂಡು ಬಂದವನು ನಾನು. ಈ ವಿಷಯವನ್ನು ಮುಟ್ಟುವುದಕ್ಕೆ ನನಗೇ ಸಂಕೋಚವಿದ್ದಿತು. ಆದರೆ ಚರಿತ್ರೆಯನ್ನು ಓದುವವನು ತನಗೆ ರುಚಿಸಿದ ಪುಟಗಳನ್ನು ಮಾತ್ರ ತಿರುವಿಹಾಕುತ್ತ ಹೋಗುವುದು ಸರಿಯಲ್ಲ. ಅಲ್ಲದೆ, ಡಚ್ಚರು ನಮಗೆ ತೀರ ಅಪರಿಚಿತರೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಅಕ್ಕಿ ಮೆಣಸುಗಳ ವ್ಯಾಪಾರಕ್ಕಾಗಿ ನಮ್ಮ ಬಸರೂರಿನವರೆಗೂ ಬಂದಿದ್ದವರೇ ಅವರು.

ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು. ಆ ದೇಶದಲ್ಲಿ ವಿವಾಹವು ಬಹುಕಾಲದಿಂದಲೂ ದೇವಾಲಯದ ಸೊತ್ತಾಗಿರದೆ ಸರಕಾರದ ದಫ್ತರಕ್ಕೆ ಸೇರಿದುದಾಗಿತ್ತು. ಸ್ಪೇನಿನ ದೊರೆಯ ಮೇಲೆ ದಂಗೆಯೆದ್ದ ಕಾಲದಲ್ಲಿ, ೧೫೮೦ರಷ್ಟು ಹಿಂದೆಯೇ, ಹಾಲೆಂಡ್ ಪ್ರಾಂತದ ಸಭೆಯು ಒಂದು ಕಟ್ಟಳೆಯನ್ನು ಮಾಡಿ, ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗಲೊಪ್ಪದವರು ಊರಿನ ಅಧಿಕಾರಿಗಳ ಮುಂದೆ ಮದುವೆಯಾಗಬಹುದೆಂದು ವಿಧಿಸಿತು. ಒಂದೇ ಊರಿನಲ್ಲಿ ಕೆಥೊಲಿಕರು, ಯೆಹೂದ್ಯರು, ನಾನಾ ಪಂಥದ ಕ್ರೈಸ್ತರು ಕೂಡಿ ಬಾಳಬೇಕಾದಲ್ಲಿ ಬೇರೆ ಉಪಾಯವಿರಲಿಲ್ಲ. ಬಳಿಕ ೧೮೧೧ರಲ್ಲಿ ನೆಪೋಲಿಯನ್ ಚಕ್ರವರ್ತಿಯ ಸಂಹಿತೆಗಳು ಅಲ್ಲಿ ಜಾರಿಗೆ ಬಂದು, ಸರಕಾರದ ಮುಂದೆ ನಡೆದುದೇ ವಿವಾಹ, ಚರ್ಚಿನ ಆಶೀರ್ವಾದವು ಅದಾದ ಮೇಲಿನ ಮಾತು ಎಂಬ ನಿಯಮವು ನೆಲೆಗೊಂಡಿತು. ಇಂದಿಗೂ ಅಲ್ಲಿ ಪಾದ್ರಿಯು ಸರಕಾರೀ ವಿವಾಹಕ್ಕೆ ಮೊದಲು ಧಾರ್ಮಿಕ ವಿಧಿಯನ್ನು ನೆರವೇರಿಸಕೂಡದು. ಹೀಗೆ ಸಂಸ್ಕಾರವೂ ಶಾಸನವೂ ಎರಡು ಬೇರೆ ಬಾಗಿಲುಗಳಾಗಿ ನಿಂತುವು. ಮುಂದೆ ಕೋಹೆನ್ನರು ತೆರೆದುದು ಎರಡನೆಯ ಬಾಗಿಲನ್ನು ಮಾತ್ರ.

ಅದೇ ೧೮೧೧ರ ದಂಡಸಂಹಿತೆಯಿಂದ, ಪ್ರಾಪ್ತವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಲಿಂಗ ಸಂಬಂಧವು ಅಲ್ಲಿ ಅಪರಾಧವಲ್ಲವೆಂದಾಯಿತು. ನಮ್ಮ ದೇಶದಲ್ಲಿಯಾದರೋ ಮೆಕಾಲೆಯ ಕಾಲದಲ್ಲಿ ಕರಡಾದ ದಂಡಸಂಹಿತೆಯು ೧೮೬೨ರಲ್ಲಿ ಜಾರಿಗೆ ಬಂದು, ಅದರ ೩೭೭ನೆಯ ಕಲಮು ಅದನ್ನು ಅಪರಾಧವೆಂದು ಗಣಿಸಿತು. ಡಚ್ಚರ ದಾರಿಯೂ ನೇರವಾಗಿರಲಿಲ್ಲ. ೧೯೧೧ರಲ್ಲಿ ಧರ್ಮಪಕ್ಷದವರ ಸರಕಾರವು ೨೪೮ನೆಯ ಕಲಮಿಗೆ ಉಪವಿಧಿಯೊಂದನ್ನು ಸೇರಿಸಿ, ಇಪ್ಪತ್ತೊಂದು ತುಂಬದವರೊಡನೆ ವಯಸ್ಕರು ಇಂತಹ ಸಂಬಂಧವಿಟ್ಟುಕೊಳ್ಳುವುದನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಸ್ತ್ರೀಪುರುಷರ ವಿಷಯದಲ್ಲಿ ಈ ವಯಸ್ಸು ಹದಿನಾರಾಗಿಯೇ ಉಳಿಯಿತು. ಆ ಉಪವಿಧಿಯು ತೊಲಗಿದುದು ೧೯೭೧ರಲ್ಲಿ.

ಇನ್ನು ಆಮ್‌ಸ್ಟರ್‌ಡಾಮಿನ ದಫ್ತರದ ಕಥೆಯನ್ನು ಹೇಳದೆ ಮುಂದುವರಿಯಲಾರೆನು. ಡಚ್ಚರು ಲೆಕ್ಕಪತ್ರಗಳಲ್ಲಿ ಬಹು ಅಚ್ಚುಕಟ್ಟಿನವರು. ಯಾರು ಎಲ್ಲಿ ಹುಟ್ಟಿದರು, ಯಾರನ್ನು ಮದುವೆಯಾದರು, ಯಾವ ಮತದವರು ಎಂಬುದೆಲ್ಲವೂ ಅವರ ಜನಗಣನೆಯ ಚೀಟಿಗಳಲ್ಲಿ ದಾಖಲಾಗಿದ್ದಿತು. ೧೯೪೦ರಲ್ಲಿ ಹಿಟ್ಲರನ ಸೈನ್ಯವು ದೇಶವನ್ನು ಆಕ್ರಮಿಸಿದಾಗ ಈ ಅಚ್ಚುಕಟ್ಟೇ ಮೃತ್ಯುವಿಗೆ ದೀಪ ಹಿಡಿಯಿತು. ಯೆಹೂದ್ಯರನ್ನು ಹೆಸರು ಹಿಡಿದು ಹುಡುಕುವುದು ಸುಲಭವಾಯಿತು. ೧೯೪೨ರಲ್ಲಿ ಯೆಹೂದ್ಯರು ಇತರರನ್ನು ವಿವಾಹವಾಗಕೂಡದೆಂಬ ಆಜ್ಞೆಯೂ ಹೊರಟಿತು. ಆ ದೇಶದ ಯೆಹೂದ್ಯರಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿ ಮರಳಿ ಬರಲಿಲ್ಲ.

೧೯೪೩ನೆಯ ಮಾರ್ಚ್ ೨೭ರಂದು ಪೋಲೀಸರ ವೇಷ ಧರಿಸಿದ ಕೆಲವರು ಆ ದಫ್ತರದ ಕಟ್ಟಡವನ್ನು ಹೊಕ್ಕರು. ಕಾವಲುಗಾರರನ್ನು ಕೊಲ್ಲದೆ ಮದ್ದು ಚುಚ್ಚಿ ನಿದ್ರೆಗೊಳಿಸಿ ಹೊರಗೆ ಸಾಗಿಸಿ, ಚೀಟಿಗಳ ರಾಶಿಗೆ ಸ್ಫೋಟಕಗಳನ್ನಿಟ್ಟು ಬೆಂಕಿ ಹಚ್ಚಿದರು. ಬೆಂಕಿಯಾರಿಸಲು ಬಂದವರು ಬೇಕೆಂದೇ ನಿಧಾನಿಸಿ, ಅನಂತರ ಅಗತ್ಯಕ್ಕಿಂತ ಹೆಚ್ಚಾಗಿ ನೀರು ಸುರಿದು ಉಳಿದ ಕಾಗದಗಳನ್ನೂ ಕೆಡಿಸಿದರೆಂದು ಹೇಳುವರು. ಈ ಸಾಹಸದ ಮುಖಂಡನು ವಿಲ್ಲೆಮ್ ಅರೊಂಡೇಯಸ್ ಎಂಬ ಚಿತ್ರಕಾರ ಮತ್ತು ಲೇಖಕ. ಅವನು ಪುರುಷಾನುರಾಗಿಯೆಂಬುದನ್ನು ಬಚ್ಚಿಟ್ಟು ಬಾಳಿದವನಲ್ಲ. ಸೆರೆಸಿಕ್ಕ ಅವನನ್ನೂ ಸಂಗಡಿಗರನ್ನೂ ಅದೇ ವರ್ಷ ಜುಲೈ ೧ರಂದು ಗುಂಡಿಕ್ಕಿ ಕೊಂದರು. ತನ್ನಂಥವರು ಹೇಡಿಗಳಲ್ಲವೆಂದು ಜನಕ್ಕೆ ತಿಳಿಸಬೇಕೆಂದು ಅವನು ಕಡೆಯಲ್ಲಿ ಹೇಳಿ ಕಳುಹಿಸಿದನಂತೆ. ಆದರೆ ಆ ಮಾತು ಬಹುಕಾಲ ಜನರ ಕಿವಿಗೆ ಬೀಳಲೇ ಇಲ್ಲ. ಯೆಹೂದ್ಯರ ರಕ್ಷಣೆಗಾಗಿ ದುಡಿದ ಸತ್ಪುರುಷರ ಪಟ್ಟಿಯಲ್ಲಿ ಜೆರೂಸಲೇಮಿನ ಯಾದ್ ವಾಶೇಮ್ ಸಂಸ್ಥೆಯು ಅವನ ಹೆಸರನ್ನು ಸೇರಿಸಿದುದು ೧೯೮೬ರಲ್ಲಿ.

ಈ ಯುದ್ಧ ಮುಗಿದ ಎರಡು ವರ್ಷಕ್ಕೆ, ೧೯೪೭ರಲ್ಲಿ, ಹಾರ್ಲೆಮ್ ನಗರದಲ್ಲಿ ಕೋಹೆನ್ನರ ಜನನವಾಯಿತು. ಅವರ ತಂದೆತಾಯಿಗಳು ಯೆಹೂದ್ಯರು, ಅಡಗಿಕೊಂಡು ಜೀವವುಳಿಸಿಕೊಂಡಿದ್ದವರು. ತಂದೆಯ ತಂದೆತಾಯಿಗಳು ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅಳಿದರು. ತಂದೆಯು ಇತಿಹಾಸದ ವಿದ್ವಾಂಸರು, ಲೈಡನ್ ವಿಶ್ವವಿದ್ಯಾಲಯದ ರೆಕ್ಟರ್ ಪದವಿಯನ್ನು ಅಲಂಕರಿಸಿದವರು. ಮಗನು ನ್ಯಾಯಶಾಸ್ತ್ರವನ್ನೋದಿ ಮಾಸ್ಟ್ರಿಖ್ಟಿನಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿಯೇ ರೆಕ್ಟರೂ ಆಗಿ, ಕಾರ್ಮಿಕ ಪಕ್ಷದ ಮೂಲಕ ರಾಜಕಾರ್ಯಕ್ಕೆ ಬಂದರು. ಗಂಟಲೊಣಗುವಂತೆ ಭಾಷಣ ಮಾಡುವ ಜಾತಿಯವರಲ್ಲ. ಸಭೆಯನ್ನು ನಡೆಸುವ, ಭಿನ್ನರನ್ನು ಒಂದೆಡೆ ಕೂಡಿಸುವ ಜಾತಿಯವರು.

ಆದರೆ ಈ ವಿವಾಹದ ವಾದವನ್ನು ಹುಟ್ಟಿಸಿದವರು ಅವರಲ್ಲ. ಅವರಿಗಿಂತ ಮೊದಲು ಇಬ್ಬರು ಸ್ತ್ರೀಯರು ತಮ್ಮ ವಿವಾಹವನ್ನು ದಾಖಲಿಸಬೇಕೆಂದು ನ್ಯಾಯಸ್ಥಾನಗಳನ್ನು ಏರಿದ್ದರು. ೧೯೯೦ನೆಯ ಅಕ್ಟೋಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನವು ಅವರ ಬೇಡಿಕೆಯನ್ನು ತಳ್ಳಿಹಾಕಿತು. ಇಲ್ಲಿ ತರ್ಕಶಾಸ್ತ್ರ ಬಲ್ಲವರಿಗೆ ಸ್ವಾರಸ್ಯವಾದ ವಿಷಯವೊಂದಿದೆ. ವಿವಾಹವು ಸ್ತ್ರೀಪುರುಷರಿಗೆ ಮಾತ್ರವೆಂಬ ಲಕ್ಷಣವಾಕ್ಯವು ಅವರ ಸಿವಿಲ್ ಸಂಹಿತೆಯಲ್ಲಿ ಎಲ್ಲಿಯೂ ಇರಲಿಲ್ಲ! ಹೇಳದೆಯೇ ತಿಳಿಯುತ್ತದೆಂದು ಬರೆದವರು ಬಿಟ್ಟಿದ್ದರು. ಹಾಗೆಯೇ ತಿಳಿಯತಕ್ಕದ್ದೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಆದರೆ, ವಿವಾಹದಿಂದ ದೊರೆಯುವ ಕೆಲವು ಪರಿಣಾಮಗಳನ್ನು ಇಂತಹ ಜೋಡಿಗಳಿಗೆ ನಿರಾಕರಿಸುವುದು ಸಮರ್ಥನೀಯವೇ ಎಂಬ ಪ್ರಶ್ನೆಯನ್ನು ಎತ್ತಿ, ಅದರ ಪರಿಹಾರವು ಶಾಸನಕರ್ತರಿಗೆ ಸೇರಿದುದೆಂದೂ ಸೂಚಿಸಿದರು. ಬಾಗಿಲು ಮುಚ್ಚಿತು, ಅಗುಳಿ ಯಾರ ಕೈಯಲ್ಲಿದೆಯೆಂದು ಮಾತ್ರ ತಿಳಿಯಿತು.

ಇಂತಹ ಪರಿಣಾಮಗಳೆಂದರೇನು ಎಂಬುದನ್ನು ಕಂಡ ಒಂದು ಸಂಗತಿಯಿಂದ ಹೇಳುತ್ತೇನೆ. ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಇಬ್ಬರು ಉಪಾಧ್ಯಾಯರು ಒಂದೇ ಮನೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ವಾಸವಾಗಿದ್ದರು. ಇಬ್ಬರಿಗೂ ಮದುವೆಯಿಲ್ಲ. ಅವರ ಸಂಬಂಧವು ಎಂತಹುದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಿರಿಯರು ಕಾಯಿಲೆಬಿದ್ದಾಗ ಆಸ್ಪತ್ರೆಯವರು ರುಜುವಿಗಾಗಿ ಸಂಬಂಧಿಕರನ್ನು ಕರೆತರಬೇಕೆಂದರು. ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತಿದ್ದವರ ರುಜು ನಡೆಯಲಿಲ್ಲ. ಹತ್ತು ವರ್ಷಗಳಿಂದ ಮುಖ ತೋರಿಸದ ಅಣ್ಣನ ಮಗನು ಬಂದು ರುಜು ಹಾಕಿದನು. ಹದಿನಾಲ್ಕನೆಯ ದಿನ ಮನೆಗೆ ಬೀಗವನ್ನೂ ಹಾಕಿದನು. ಉಳಿದವರು ಎರಡು ಟ್ರಂಕುಗಳನ್ನು ಹೊರಿಸಿಕೊಂಡು ನಮ್ಮ ಮನೆಯ ಜಗಲಿಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಬಸ್ಸಿಗೆ ಹೊರಟುಹೋದರು. ಕಾನೂನಿನ ಪ್ರಕಾರ ಯಾರ ತಪ್ಪೂ ಇರಲಿಲ್ಲ. ಡಚ್ಚರ ಚರ್ಚೆಯನ್ನು ಓದುವಾಗ ನನ್ನ ಕಣ್ಣ ಮುಂದೆ ನಿಂತುದು ಆ ಎರಡು ಟ್ರಂಕುಗಳು.

೧೯೯೪ರಲ್ಲಿ ಅಲ್ಲಿ ಒಂದು ಅಪೂರ್ವ ರಾಜಕೀಯ ಸಂಯೋಗವು ಒದಗಿತು. ೧೯೧೮ರಿಂದೀಚೆಗೆ ಮೊದಲ ಸಲ ಕ್ರೈಸ್ತ ಧರ್ಮಪಕ್ಷಗಳನ್ನು ಹೊರಗಿಟ್ಟು, ವಿಮ್ ಕೋಕರ ಮುಖಂಡತ್ವದಲ್ಲಿ ಕಾರ್ಮಿಕ ಪಕ್ಷವೂ ಎರಡು ಉದಾರವಾದಿ ಪಕ್ಷಗಳೂ ಕೂಡಿ ಮಂತ್ರಿಮಂಡಲವನ್ನು ರಚಿಸಿದುವು. ಕೆಂಪು ನೀಲಿಗಳು ಬೆರೆತುದರಿಂದ ಅದನ್ನು ನೇರಳೆಯ ಸರಕಾರವೆಂದು ಜನರು ಕರೆದರು. ಅದೇ ಚುನಾವಣೆಯಲ್ಲಿ, ಮೊದಲು ನ್ಯಾಯಾಧೀಶರಾಗಿದ್ದ ಬೋರಿಸ್ ಡಿಟ್ರಿಖ್ ಎಂಬವರು ಡೆಮೊಕ್ರಾಟರ ಪಕ್ಷದಿಂದ ಕೆಳಮನೆಗೆ ಆಯ್ಕೆಯಾದರು. ತಾವು ಪುರುಷಾನುರಾಗಿಯೆಂಬುದನ್ನು ಮರೆಮಾಚದೆ ಅವರು ಈ ವಿಷಯವನ್ನು ಮತ್ತೆ ಮತ್ತೆ ಎತ್ತಿದರು. ೧೯೯೬ನೆಯ ಏಪ್ರಿಲಿನಲ್ಲಿ, ವಿವಾಹವನ್ನು ಸಲಿಂಗ ಜೋಡಿಗಳಿಗೂ ತೆರೆಯಬೇಕೆಂಬ ಗೊತ್ತುವಳಿಯು ೮೧ಕ್ಕೆ ೬೦ ಮತಗಳಿಂದ ಅಂಗೀಕೃತವಾಯಿತು. ಆದರೆ ಗೊತ್ತುವಳಿಯು ಶಾಸನವಲ್ಲ. ಸರಕಾರವು ಸರಕಾರಗಳೆಲ್ಲ ಮಾಡುವಂತೆ ಒಂದು ಸಮಿತಿಯನ್ನು ನೇಮಿಸಿತು. ಕೋರ್ಟ್‌ಮನ್ನರ ಅಧ್ಯಕ್ಷತೆಯ ಆ ಎಂಟು ಜನರ ಸಮಿತಿಯಲ್ಲಿ ಐವರು ೧೯೯೭ರಲ್ಲಿ ವಿವಾಹದ ಪರವಾಗಿಯೇ ಅಭಿಪ್ರಾಯ ಕೊಟ್ಟರು. ಇಷ್ಟಾದರೂ ಮಂತ್ರಿಮಂಡಲವು ಹಿಂಜರಿಯಿತು. ೧೯೯೮ನೆಯ ಜನವರಿ ೧ರಿಂದ ‘ದಾಖಲಿತ ಸಹಬಾಳ್ವೆ’ ಎಂಬ ಹೊಸ ವ್ಯವಸ್ಥೆಯು ಜಾರಿಗೆ ಬಂದಿದ್ದಿತಷ್ಟೆ. ಹಕ್ಕುಗಳು ಬಹುಮಟ್ಟಿಗೆ ದೊರೆತ ಮೇಲೆ ಹೆಸರಿಗೇಕೆ ಹಟ ಎಂಬುದು ಅನೇಕರ ಪ್ರಶ್ನೆಯಾಗಿತ್ತು. ಶಬ್ದಾರ್ಥಸಂಬಂಧವನ್ನು ಓದಿದವರು ಇದಕ್ಕೆ ಉತ್ತರ ಹೇಳಬಲ್ಲರು. ಅರ್ಥವು ಒಂದೇ ಎಂದಾದರೆ ಶಬ್ದವನ್ನು ಕೊಡಲು ಲೋಭವೇಕೆ? ಶಬ್ದವನ್ನು ಕೊಡಲೊಲ್ಲೆವೆಂದರೆ ಅರ್ಥವು ಒಂದೇ ಅಲ್ಲವೆಂದೇ ಆಯಿತು.

ಆ ವರ್ಷದ ಚುನಾವಣೆಯಲ್ಲಿ ನೇರಳೆಯ ಪಕ್ಷಗಳೇ ಮರಳಿ ಬಂದುವು. ಈ ಸಲ ವಿವಾಹದ ಮಾತು ಅವುಗಳ ಒಡಂಬಡಿಕೆಯಲ್ಲಿಯೇ ಸೇರಿತು. ನ್ಯಾಯ ಇಲಾಖೆಯ ಉಪಮಂತ್ರಿಗಳಾಗಿ ಬಂದ ಕೋಹೆನ್ನರ ಮೇಲೆ ಮಸೂದೆಯ ಹೊಣೆಯು ಬಿದ್ದಿತು. ೧೯೯೯ನೆಯ ಜುಲೈಯಲ್ಲಿ ಅವರು ಅದನ್ನು ಮಂಡಿಸಿದರು. ಅದರ ಹೃದಯಭಾಗವು ಒಂದೇ ವಾಕ್ಯ: ಭಿನ್ನಲಿಂಗದ ಇಲ್ಲವೆ ಸಮಾನಲಿಂಗದ ಇಬ್ಬರು ವ್ಯಕ್ತಿಗಳು ವಿವಾಹವಾಗಬಹುದು ಎಂದು. ಬೇರೆ ಅಧ್ಯಾಯವಿಲ್ಲ, ಬೇರೆ ವಿವಾಹವಿಲ್ಲ. ಇರುವ ವಿವಾಹದ ಲಕ್ಷಣಕ್ಕೆ ಇದ್ದ ಅವ್ಯಾಪ್ತಿದೋಷವನ್ನು ತೆಗೆದುಹಾಕಿದಂತಾಯಿತೆಂದು ನಮ್ಮವರು ಹೇಳಬಹುದು.

ಧರ್ಮಪಕ್ಷದವರು ವಿವಾಹವು ಅನಾದಿಯಾದ ಸಂಸ್ಥೆಯೆಂದೂ, ಅದನ್ನು ಮುಟ್ಟಲು ಪಾರ್ಲಿಮೆಂಟಿಗೆ ಅಧಿಕಾರವಿಲ್ಲವೆಂದೂ ವಾದಿಸಿದರು. ಅವರನ್ನು ಮೂಢರೆಂದು ತಳ್ಳಿಹಾಕಲು ನಾನು ಸಿದ್ಧನಲ್ಲ. ಪರಂಪರೆಯ ಭಾರವನ್ನು ಹೊತ್ತವರ ಭಯವು ಹುಸಿಯಲ್ಲ. ಲೋಕದಲ್ಲಿ ಬೇರೆ ಯಾವ ದೇಶವೂ ಮಾಡದುದನ್ನು ಮಾಡಿದರೆ ಗಡಿಯಾಚೆಗೆ ಈ ವಿವಾಹಕ್ಕೆ ಬೆಲೆಯೇನೆಂಬ ಆಕ್ಷೇಪವು ಇನ್ನೂ ತೂಕದ್ದಾಗಿತ್ತು. ಆ ತೊಡಕು ಉಂಟೆಂಬುದನ್ನು ಸರಕಾರವೂ ಅಲ್ಲಗಳೆಯಲಿಲ್ಲ. ಅದನ್ನು ಬಲ್ಲವರೇ ಮದುವೆಯಾಗುವರೆಂದು ಮುಂದುವರಿಯಿತು. ೨೦೦೦ನೆಯ ಸೆಪ್ಟೆಂಬರ್ ೧೨ರಂದು ಕೆಳಮನೆಯಲ್ಲಿ ೧೦೯ಕ್ಕೆ ೩೩, ಡಿಸೆಂಬರ್ ೧೯ರಂದು ಮೇಲ್ಮನೆಯಲ್ಲಿ ೪೯ಕ್ಕೆ ೨೬ ಮತಗಳಿಂದ ಮಸೂದೆಯು ಗೆದ್ದಿತು. ಎರಡು ದಿನಗಳಲ್ಲಿ ಬಿಯಾಟ್ರಿಕ್ಸ್ ರಾಣಿಯ ಅಂಕಿತವೂ ಬಿದ್ದಿತು. ಮುಂದಿನ ಜನವರಿಯಲ್ಲಿ ಕೋಹೆನ್ನರು ಆಮ್‌ಸ್ಟರ್‌ಡಾಮಿನ ಮೇಯರಾಗಿ ಬಂದರು.

ಹಾಗಾದರೆ ಈ ಕೀರ್ತಿಯು ಯಾರದು? ಯಜ್ಞದಲ್ಲಿ ಮಂತ್ರವನ್ನು ಕಂಡ ಋಷಿಯು ಬೇರೆ, ಸಮಿತ್ತನ್ನು ಜೋಡಿಸಿ ಆಹುತಿಯನ್ನು ಹಾಕುವ ಅಧ್ವರ್ಯುವು ಬೇರೆ. ಕೋಹೆನ್ನರು ಅಧ್ವರ್ಯುಗಳು. ಅವರಿಲ್ಲದಿದ್ದರೆ ಬೇರೊಬ್ಬ ಉಪಮಂತ್ರಿಯು ಅದನ್ನು ಮಾಡುತ್ತಿದ್ದನೆಂದರೆ ಅಲ್ಲವೆನ್ನಲಾರೆ. ಆದರೆ ಕೈತಪ್ಪಿದ ಯಜ್ಞಗಳೂ ಉಂಟು.

ಅವರ ಚರಿತ್ರೆಯ ಇನ್ನೊಂದು ಮುಖವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಅದೇ ೨೦೦೧ನೆಯ ಏಪ್ರಿಲ್ ೧ರಂದು ಕೋಹೆನ್ನರೇ ರೂಪಿಸಿದ ಇನ್ನೊಂದು ಶಾಸನವೂ ಜಾರಿಗೆ ಬಂದಿತು. ಅದು ಪರದೇಶೀಯರ ಶಾಸನ. ಆಶ್ರಯ ಬೇಡಿ ಬರುವವರ ಅರ್ಜಿಗಳನ್ನು ಬೇಗನೆ, ಬಿಗಿಯಾಗಿ ವಿಲೇವಾರಿ ಮಾಡುವುದಕ್ಕಾಗಿ ಹುಟ್ಟಿದುದು. ಅಡಗಿಕೊಂಡು ಬದುಕಿದವರ ಮಗನು, ಅಡಗುದಾಣ ಹುಡುಕಿ ಬರುವವರ ಬಾಗಿಲನ್ನು ಕಿರಿದು ಮಾಡಿದನೆಂದು ಅದನ್ನು ನಿಂದಿಸಿದವರುಂಟು. ಒಂದೇ ದಿನ ಕೂಡಿದುದು ಕಾಕತಾಳೀಯವಿರಬಹುದು. ಎರಡೂ ಒಂದೇ ಲೇಖನಿಯಿಂದ ಬಂದುದು ಕಾಕತಾಳೀಯವಲ್ಲ. ಇದನ್ನು ನಾನು ಹೊಂದಿಸಿ ಹೇಳಲಾರೆನು.

ವಿವಾಹಶಾಸನವು ಸಹ ಎಲ್ಲವನ್ನೂ ಕೊಡಲಿಲ್ಲ. ಮದುವೆಯಾದ ಇಬ್ಬರು ಸ್ತ್ರೀಯರಲ್ಲಿ ಒಬ್ಬಳು ಹೆತ್ತರೆ ಇನ್ನೊಬ್ಬಳು ತಾನಾಗಿ ತಾಯಿಯೆನಿಸಲಿಲ್ಲ. ಪರದೇಶದ ಮಗುವನ್ನು ದತ್ತು ತೆಗೆದುಕೊಳ್ಳಲು ಇಂತಹ ಜೋಡಿಗಳಿಗೆ ಆಗ ಅವಕಾಶವಿರಲಿಲ್ಲ. ಮನಸ್ಸಾಕ್ಷಿಯ ಕಾರಣದಿಂದ ಇಂತಹ ವಿವಾಹಗಳನ್ನು ನಡೆಸಲೊಲ್ಲದ ಅಧಿಕಾರಿಗಳ ಪ್ರಶ್ನೆಯು ೨೦೧೪ರವರೆಗೂ ಎಳೆದು, ಅಂತಹವರನ್ನು ಹೊಸದಾಗಿ ನೇಮಿಸಕೂಡದೆಂದು ಆಗ ಗೊತ್ತಾಯಿತು. ಮೊದಲ ವರ್ಷದಲ್ಲಿ ಸುಮಾರು ೨,೪೦೦ ಜೋಡಿಗಳು ಮದುವೆಯಾದುವು. ಬೆಲ್ಜಿಯಂ ೨೦೦೩ರಲ್ಲಿ, ಸ್ಪೇನ್ ಮತ್ತು ಕೆನಡಾ ೨೦೦೫ರಲ್ಲಿ, ದಕ್ಷಿಣ ಆಫ್ರಿಕವು ೨೦೦೬ರಲ್ಲಿ ಅದೇ ದಾರಿಯನ್ನು ಹಿಡಿದುವು. ಏಷ್ಯದಲ್ಲಿ ತೈವಾನ್ ೨೦೧೯ರಲ್ಲಿಯೂ ಥೈಲೆಂಡ್ ೨೦೨೫ರಲ್ಲಿಯೂ ಬಂದು ಸೇರಿದುವು.

ನಮ್ಮ ದೇಶದಲ್ಲಿ ೩೭೭ನೆಯ ಕಲಮಿನ ಆ ಭಾಗವು ೨೦೧೮ನೆಯ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಿದ್ದುಹೋಯಿತು. ವಿವಾಹದ ಪ್ರಶ್ನೆಯು ಅದೇ ನ್ಯಾಯಸ್ಥಾನದ ಮುಂದೆ ಬಂದಾಗ, ೨೦೨೩ನೆಯ ಅಕ್ಟೋಬರ್ ೧೭ರಂದು ಐವರು ನ್ಯಾಯಾಧೀಶರೂ ಅದು ಶಾಸನಕರ್ತರಿಗೆ ಸೇರಿದ ವಿಷಯವೆಂದರು. ಡಚ್ಚರ ನ್ಯಾಯಾಧೀಶರು ೧೯೯೦ನೆಯ ಅಕ್ಟೋಬರಿನಲ್ಲಿ ಆಡಿದ ಮಾತೂ ಬಹುಮಟ್ಟಿಗೆ ಇದೇ ಆಗಿತ್ತು. ತೀರ್ಪನ್ನು ಮರಳಿ ಪರಿಶೀಲಿಸಬೇಕೆಂದು ಸಲ್ಲಿಸಿದ ಅರ್ಜಿಗಳು ೨೦೨೫ನೆಯ ಜನವರಿಯಲ್ಲಿ ತಿರಸ್ಕೃತವಾದುವು.