ಬಳ್ಳಾರಿಯ ಐಗಳ ಮಠಗಳಲ್ಲಿ ಲೆಕ್ಕದ ಪಾಠ

ಗುಜರಾತ್ ವಿಶ್ವವಿದ್ಯಾಲಯದ ನೆರೆಯಾದ ನವರಂಗಪುರದಲ್ಲಿ, ಹುಡುಗನ ಮಟ್ಟವನ್ನರಿತು ಅವನೊಬ್ಬನಿಗೇ ಗಣಿತ ಹೇಳಿಕೊಡುವ ಮನೆಪಾಠವು ಅನುಕೂಲಸ್ಥರು ಹಣ ಕೊಟ್ಟು ಪಡೆಯುವ ಸೌಕರ್ಯವಾಗಿದೆ. ಕನ್ನಡ ನಾಡಿನ ಐಗಳ ಮಠಗಳಲ್ಲಾದರೋ ಇದು ವಿಶೇಷ ಸೌಕರ್ಯವಾಗಿರಲಿಲ್ಲ; ಪಾಠದ ಕ್ರಮವೇ ಹಾಗಿದ್ದಿತು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಶಾಲೆಗಳ ಗಣತಿಗೆ ಆಜ್ಞೆಯಿತ್ತನು. ಅದಕ್ಕುತ್ತರವಾಗಿ 1823ರ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಬರೆದ ವರದಿ ಈ ವಿಷಯದಲ್ಲಿ ಬಹು ಬೆಲೆಯುಳ್ಳದ್ದು. ಕ್ಯಾಂಬೆಲ್ ತೆಲುಗು ವ್ಯಾಕರಣವನ್ನು ರಚಿಸಿದ ಭಾಷಾಜ್ಞ. ಕಂಡುದನ್ನು ಕಂಡಂತೆ ಬರೆಯಬಲ್ಲವನು.

ಅವನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವವರು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಭಾಗಿಸಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಈ ಸಣ್ಣ ಸಂಖ್ಯೆಯಲ್ಲಿಯೇ ಬೋಧನಾಕ್ರಮದ ಕೀಲಿ ಇದೆ.

ಬೆಳಗಿನ ಆರಕ್ಕೆ ಮಠ ತೆರೆಯುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲೇಟು, ನಾಲ್ಕನೆಯವನಿಗೆ ಎರಡು. ತಡವಾಗಿ ಬರುವವನು ಎಣಿಸುವುದನ್ನು ಬೇಗ ಕಲಿತಿರಬೇಕು! ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಒಂದರಿಂದ ಇನ್ನೊಂದಕ್ಕೆ ಏರುವುದು ಅವರವರ ಶಕ್ತಿ ಹಾಗೂ ಪ್ರಗತಿಗೆ ತಕ್ಕಂತೆ. ವರ್ಷ ಕಳೆದುದರಿಂದ ಅಲ್ಲ. ಮರಳಿನ ಮೇಲೆ ಬೆರಳಾಡಿಸುವ ಕೂಸಿಗೆ ಮುಂದಿನವನು ಕಲಿಸುವನು. ಮುಂದಿನವರನ್ನು ಐಗಳು ತಾವೇ ನೋಡಿಕೊಳ್ಳುವರು. ಕಲಿಸುವುದರಿಂದ ಕಲಿಸುವವನ ಜ್ಞಾನವೂ ಗಟ್ಟಿಯಾಗುವುದೆಂದು ಕ್ಯಾಂಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೆಂದೂ ಹೇಳಿದ್ದಾನೆ. ಮದ್ರಾಸಿನ ಅನಾಥಾಲಯದಲ್ಲಿ ಈ ವಿಧಾನವನ್ನು ಪ್ರಯೋಗಿಸಿದ ಆಂಡ್ರ್ಯೂ ಬೆಲ್, 1797ರಲ್ಲಿ ಅದನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದನು.

ಗಣಿತದ ತಿರುಳು ಮಗ್ಗಿ. ಪೂರ್ಣಾಂಕದ ಮಗ್ಗಿ ಮುಗಿದ ಮೇಲೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ; ಕೆಳಗಿಳಿದರೆ ಹದಿನಾರರಲ್ಲೊಂದಾದ ವೀಸ, ಅರವತ್ತನಾಲ್ಕರಲ್ಲೊಂದಾದ ಕಾಣಿ. ಗುಜರಾತಿನ ಧೂಳೀ ನಿಶಾಳಗಳಲ್ಲಿಯೂ ಪಾ, ಅಡಧಾ, ಪೋಣಾ, ಸವಾಯಾ, ದೋಢಾ ಎಂದು ಇದೇ ಸೋಪಾನ. ಮೂರೂವರೆಯ ಮಗ್ಗಿಗೆ ಅಲ್ಲಿ ಊಂಠಾಂ ಎಂಬ ಹೆಸರು. 'ಊಂಠಾಂ ಓದಿಸುವುದು' ಎಂದರೆ ಮೋಸಗೊಳಿಸುವುದೆಂಬ ನುಡಿಗಟ್ಟು ಅಹಮದಾಬಾದಿನ ಪೇಟೆಯಲ್ಲಿ ವಾಸಿಸುವ ಕನ್ನಡಿಗರಿಗೆ ಅಪರಿಚಿತವಲ್ಲ. ಈ ಮಗ್ಗಿಯನ್ನರಿಯದವನನ್ನು ಅಂಗಡಿಯವನು ಏನು ಮಾಡುತ್ತಿದ್ದನೆಂಬುದಕ್ಕೆ ಬೇರೆ ಶಾಸನ ಬೇಕಿಲ್ಲ.

ಹಾಗೆಂದು ಐಗಳ ಮಠವನ್ನು ಆದರ್ಶವೆಂದು ಹೊಗಳುವುದು ಇತಿಹಾಸವಾಗಲಾರದು. ಅರ್ಥವರಿಯದೆ ಬಾಯಿಪಾಠ ಮಾಡಿಸುವುದನ್ನೂ ಸಮರ್ಥ ಗುರುಗಳ ಕೊರತೆಯನ್ನೂ ಕ್ಯಾಂಬೆಲ್ ಮರೆಮಾಚಲಿಲ್ಲ. ಗುರುವಿನ ಸಂಪಾದನೆ ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಅಷ್ಟಕ್ಕೆ ಯೋಗ್ಯರು ಬರುವುದೆಂತು? ಆದರೆ ಮಠಗಳು ಮುಚ್ಚಿದುದು ಬೋಧನೆಯ ದೋಷದಿಂದಲ್ಲ. ಹಿಂದೆ ಶಾಲೆಗಳಿದ್ದ ಹಲವು ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದು ಬರೆದ ಅವನು ಕೊಟ್ಟ ಕಾರಣ ಬಡತನ. ಯೂರೋಪಿನ ಬಟ್ಟೆ ಬಂದು ನೇಕಾರರ ಗಳಿಕೆ ಕುಗ್ಗಿತು. ದಂಡು ಗಡಿಗೆ ಹೋದುದರಿಂದ ಧಾನ್ಯಕ್ಕೆ ಗಿರಾಕಿ ತಗ್ಗಿತು. ದೇಶೀಯ ಪ್ರಭುಗಳು ಇಲ್ಲಿಯೇ ವೆಚ್ಚ ಮಾಡುತ್ತಿದ್ದ ಹಣ ಹೊರಗೆ ಹರಿಯಿತು. ತಂದೆಗೆ ಮಗನ ಶುಲ್ಕಕ್ಕಿಂತ ಮಗನ ಕೂಲಿಯೇ ಅವಶ್ಯವಾಯಿತು. ಕಂಪನಿಯ ಕಲೆಕ್ಟರನೊಬ್ಬನು ತನ್ನ ಸರ್ಕಾರಕ್ಕೇ ಬರೆದ ಮಾತುಗಳಿವು ಎಂಬುದು ಗಮನಾರ್ಹ.

1826ರ ಮಾರ್ಚಿಯಲ್ಲಿ ಮನ್ರೋ ಸೂಚಿಸಿದ ಯೋಜನೆಯಲ್ಲಿ ಜಿಲ್ಲಾ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಹಶೀಲ್ದಾರಿ ಶಾಲೆಯವನಿಗೆ 9 ರೂಪಾಯಿ ಸಂಬಳ. ಮಕ್ಕಳ ಶುಲ್ಕ ಅದರ ಮೇಲೆ. ಮರುವರ್ಷ ಮನ್ರೋ ತೀರಿಕೊಂಡನು. ಹನ್ನೆರಡು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಒಬ್ಬೊಬ್ಬನ ಮಗ್ಗಿ ಕೇಳುತ್ತಿದ್ದ ಹಳ್ಳಿಯ ಐಗಳಿಗೆ ಆ ಯೋಜನೆಯಲ್ಲಿ ಸಂಬಳವಿರಲಿಲ್ಲ.