‘ಹಂಡ್ರೆಡ್’ ಎಂಬ ಶಬ್ದದ ಪೂರ್ವೋತ್ತರ

ಆಂಗ್ಲರ ‘ಹಂಡ್ರೆಡ್’ ಶಬ್ದವು ಎರಡು ಪದಗಳ ಕೂಡಿಕೆಯಿಂದಾದುದು. ‘ಹುಂಡ್’ ಎಂದರೆ ನೂರು. ‘ರೆಡ್’ ಎಂದರೆ ಎಣಿಕೆ. ಈ ‘ಹುಂಡ್’, ಲ್ಯಾಟಿನ್ನಿನ ‘ಕೆಂಟುಮ್’, ಸಂಸ್ಕೃತದ ‘ಶತಮ್’ ಇವು ಏಕಮೂಲದವು. 1786ರಲ್ಲಿ ಕಲಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಸಾರಿದ ಭಾಷಾಬಾಂಧವ್ಯಕ್ಕೆ ಇದೊಂದು ನಿದರ್ಶನವು. ನಮ್ಮ ‘ನೂರು’ ಮಾತ್ರ ದ್ರಾವಿಡಕುಲದ್ದು.

ಆದರೆ ಶಬ್ದವು ಒಂದಾದರೂ ಸಂಖ್ಯೆಯು ಒಂದಾಗಿರಲಿಲ್ಲ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಇದರ ಸೋದರಶಬ್ದಕ್ಕೆ ಸಾಮಾನ್ಯವಾಗಿ 120 ಎಂದೇ ಅರ್ಥವಿದ್ದಿತು. ಇಂಗ್ಲೆಂಡಿನಲ್ಲಿಯೂ ಮೀನು, ಮೊಳೆ ಮೊದಲಾದ ಸರಕುಗಳನ್ನು ಈ ‘ದೀರ್ಘಶತ’ದ ಲೆಕ್ಕದಲ್ಲಿ ಮಾರುತ್ತಿದ್ದರು. ‘ಹಂಡ್ರೆಡ್‌ವೇಟ್’ ಎಂಬ ಅಲ್ಲಿಯ ತೂಕವಾದರೋ 112 ಪೌಂಡು. ಯಾವ ನೂರೆಂದು ವಿಚಾರಿಸದೆ ಬೆಲೆಗೊಪ್ಪಿದವನು ಇಪ್ಪತ್ತರ ನಷ್ಟಕ್ಕೆ ಗುರಿಯಾಗಬಹುದಾಗಿತ್ತು. ಯೋಗಾರ್ಥಕ್ಕಿಂತ ರೂಢಾರ್ಥವೇ ಪ್ರಬಲವೆಂಬ ನಮ್ಮ ಶಾಸ್ತ್ರಕಾರರ ನಿರ್ಣಯವು ಪರದೇಶದ ಸಂತೆಗೂ ಸಲ್ಲುವುದು.