ಹುಡುಗರಿಗೆ ಹುಡುಗರೇ ಗುರುಗಳು

ನಮ್ಮ ಹಿಂದಿನ ಗಾಂವಠಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಬಲ್ಲ ಹುಡುಗನು ಎಳೆಯರಿಂದ ಮಗ್ಗಿ ಹೇಳಿಸುತ್ತಿದ್ದನು. ಆ್ಯಂಡ್ರೂ ಬೆಲ್ಲನೆಂಬ ಪಾದ್ರಿಯು ಮದರಾಸಿನ ಅನಾಥಶಾಲೆಯಲ್ಲಿ ಇಂಥದೇ ಕ್ರಮವನ್ನು ನಡೆಯಿಸಿ, 1797ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅದು ಆಂಗ್ಲದೇಶದ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಆದರೆ ಅಲ್ಲಿ ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯನಾದುದರಿಂದ ಬಹುಮಟ್ಟಿಗೆ ಅಗ್ಗದ ಬಾಯಿಪಾಠವಾಗಿ ಪರಿಣಮಿಸಿತು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿಯು 2009ರಲ್ಲಿ ನಾಡಿನ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೂ ಬಂದಿತು. ಅದರ ಐದು ತಟ್ಟೆಗಳಲ್ಲೊಂದು ಸಹಪಾಠಿಗಳ ಬೆಂಬಲದ್ದು. ಕಲಿಸುವ ಮಗುವು ತಾನೂ ಕಲಿಯುವದೆಂಬುದು ದಿಟ. ಆದರೆ ಗುರುವಿನ ಕಣ್ಣು ತಪ್ಪಿದಲ್ಲಿ ಹೊಸ ತಟ್ಟೆಯಲ್ಲಿಯೂ ಹಳೆಯ ಬಾಯಿಪಾಠವೇ ಉಳಿದೀತು. ಆಂಗ್ಲದೇಶದ ಈ ಇತಿಹಾಸವು ನಮಗೆ ಹೇಳುವ ಬುದ್ಧಿಯಾದರೂ ಇದುವೇ.